ವಾಡಿಯ ತಟ್ಟೆ, ಶಹಾಬಾದಿನ ತಟ್ಟೆ

ಸೇಡಂನ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಭಜನೆ ಇರುತ್ತಿತ್ತು. ಅಪ್ಪ ಗುಡಿಯ ಪೂಜೆ ಮುಗಿಸಿ ಬಂದು ತಂಬೂರಿ ಕೈಗೆತ್ತಿಕೊಂಡರೆ ಶ್ರುತಿ ಕೂಡಿಸಲಿಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಬಂದವರು ತಾಳ ಹಿಡಿದುಕೊಂಡು ಆಕಳಿಸುತ್ತಿದ್ದರು. ಅಮ್ಮ ಒಳಗಿನಿಂದಲೇ, ಇನ್ನೂ ಆಗಲಿಲ್ಲವೇ ಎಂದು ಕೇಳುತ್ತಿದ್ದಳು. ನನಗೆ ಮಾತ್ರ ಆ ಹೊತ್ತೇ ಬೇಕಾಗಿತ್ತು. ಒಂದು ತಂತಿ ಇನ್ನೊಂದು ತಂತಿಯ ಹತ್ತಿರ ಬರುತ್ತ ಬರುತ್ತ ನಡುಗಿ, ಆಮೇಲೆ ನಡುಕ ನಿಂತು ಎರಡೂ ಒಂದಾಗುತ್ತವಲ್ಲ, ಅದನ್ನು ಕೇಳಲೆಂದೇ ನಾನು ಅಪ್ಪನ ಮೊಣಕಾಲಿಗೆ ತಾಗಿ ಕೂರುತ್ತಿದ್ದೆ. ಪದ ಶುರುವಾದ ಮೇಲೆ ಎದ್ದು ಹೋಗುತ್ತಿದ್ದೆ. ಹುಡುಗಿಗೆ ದೇವರ ಮೇಲೆ ಭಕ್ತಿ ಕಡಿಮೆ ಎಂದು ಬಂದವರು ಅಂದುಕೊಂಡರು. ಭಕ್ತಿಯ ಮಾತು ನನಗೆ ಗೊತ್ತಿಲ್ಲ. ಹಾಡಿಗಿಂತ ನಾದದ ಮೇಲೆ ನನಗೆ ಹೆಚ್ಚು ಆಸೆ ಇತ್ತು. ಆ ಆಸೆ ಮುಂದೆ ಎಲ್ಲಿಗೆ ಒಯ್ಯುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಕಲಿತು ಭೌತಶಾಸ್ತ್ರದ ಉಪನ್ಯಾಸಕಿಯಾದೆ. ಚಿತ್ತಾಪುರದ ಕಾಲೇಜಿಗೆ ಹಾಕಿದರು. ಮನೆ ಮಾಡಿದ್ದು ವಾಡಿಯಲ್ಲಿ, ಯಾಕೆಂದರೆ ವಾಡಿ ಜಂಕ್ಷನ್, ಯಾವ ಕಡೆಗೆ ಹೋಗಲಿಕ್ಕೂ ಗಾಡಿ ಸಿಗುತ್ತದೆ. ಮದುವೆ ಆಗಲಿಲ್ಲ. ಒಂದೆರಡು ಮಾತುಕತೆ ನಡೆದು ನಿಂತುಹೋದವು. ಅಪ್ಪ ಹೋದ ಮೇಲೆ ಅಮ್ಮ ಕೆಲವು ವರ್ಷ ನನ್ನ ಜೊತೆ ಇದ್ದಳು, ಆಮೇಲೆ ಅವಳೂ ಹೋದಳು. ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮನೆಯಲ್ಲಿ ಸದ್ದಿಗೇನೂ ಕೊರತೆಯಿರಲಿಲ್ಲ. ಸಿಮೆಂಟಿನ ಗೂಡ್ಸು ಗಾಡಿಗಳು ಹೋಗುವಾಗ ಕಪಾಟಿನ ಸ್ಟೀಲಿನ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮಧ್ಯಾಹ್ನ ಗಣಿಯಲ್ಲಿ ಬ್ಲಾಸ್ಟಿಂಗ್ ಆದರೆ ನೆಲ ಒಮ್ಮೆ ಕುಲುಕುತ್ತಿತ್ತು. ಕೇಳಬೇಕು ಅನ್ನಿಸುವ ಸದ್ದು ಮಾತ್ರ ಒಂದೂ ಇರಲಿಲ್ಲ.

ಆ ವರ್ಷಗಳಲ್ಲೇ ಹೊಸ ನಮೂನೆಯ ತಟ್ಟೆಗಳು ಬಂದವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಎಲ್ಲರ ಮನೆಯಲ್ಲೂ ಸಿಡಿ ಇದ್ದ ಕಾಲ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ ಅಳೆದು, ಆ ಅಳತೆಗಳನ್ನು ಅಂಕಿ ಮಾಡಿ ಇಟ್ಟಿರುತ್ತಾರೆ. ಅಷ್ಟು ಸಾಲದು, ಅಳತೆ ಇನ್ನೂ ಒತ್ತೊತ್ತಾಗಿ ಆಗಬೇಕು, ಆಗ ಮಾತ್ರ ನುಡಿಸುವವನ ಉಸಿರೂ ಕೇಳಿಸುತ್ತದೆ ಎಂದು ಕೆಲವರು ಹೇಳತೊಡಗಿದರು. ಅದಕ್ಕೆ ಎರಡು ದಾರಿ ಹುಟ್ಟಿದವು. ಒಂದರ ಹೆಸರು ಸೂಪರ್ ಆಡಿಯೊ ಸಿಡಿ, ಇನ್ನೊಂದರ ಹೆಸರು ಡಿವಿಡಿ ಆಡಿಯೊ. ನೋಡಲಿಕ್ಕೆ ಎರಡೂ ಒಂದೇ, ಬೆಳ್ಳಿ ಬಣ್ಣದ ತಟ್ಟೆ. ಆದರೆ ಇದರ ಯಂತ್ರದಲ್ಲಿ ಅದು ನುಡಿಯುವುದಿಲ್ಲ, ಅದರ ಯಂತ್ರದಲ್ಲಿ ಇದು ನುಡಿಯುವುದಿಲ್ಲ.

ನಾನು ಮೊದಲು ಕೇಳಿದ್ದು ಸಿಕಂದರಾಬಾದಿನ ಒಂದು ಅಂಗಡಿಯಲ್ಲಿ. ಕಾಲೇಜಿನ ಪ್ರಯೋಗಶಾಲೆಗೆ ಸಾಮಾನು ತರಲು ಹೋದವಳು ಗಾಜಿನ ಹಿಂದೆ ದೊಡ್ಡ ಸ್ಪೀಕರುಗಳನ್ನು ಕಂಡು ಒಳಗೆ ಹೋದೆ. ಮಾಲೀಕ ವಯಸ್ಸಾದವರು, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬ. ಸಾಹೇಬರು ಬರಲಿಲ್ಲವೇ ಎಂದು ಕೇಳಿದರು. ಸಾಹೇಬರು ಯಾರೂ ಇಲ್ಲ, ಕೇಳುವವಳು ನಾನೇ ಎಂದೆ. ಅವರು ನಗಲಿಲ್ಲ. ಕುರ್ಚಿಯನ್ನು ಎರಡು ಸ್ಪೀಕರುಗಳಿಗೆ ಸರಿಯಾಗಿ ನಡುವೆ ಎಳೆದು, "ಬೈಠೋ ಅಮ್ಮಾ, ಕುಛ್ ಬೋಲೋ ನಕೋ, ಖಾಲಿ ಸುನೋ" ಎಂದು, ಮಾತಾಡದೆ ಬರೀ ಕೇಳು ಎನ್ನುವಂತೆ ತುಟಿಯ ಮೇಲೆ ಬೆರಳಿಟ್ಟರು.

ಸಾರಂಗಿಯ ತಟ್ಟೆ ಅದು. ಸ್ವರ ಹುಟ್ಟುವ ಮೊದಲೇ ಕಮಾನಿನ ಕುದುರೆ ಕೂದಲಿನ ಸಣ್ಣ ಒರಟು ಸದ್ದು ಕೇಳಿಸಿತು. ಅದರ ಕೆಳಗೆ, ಯಾರೂ ಮುಟ್ಟದ ತರಬಿನ ತಂತಿಗಳು ತಮ್ಮಷ್ಟಕ್ಕೆ ನಡುಗಿ ಶ್ರುತಿಗೆ ಬಂದು ಕೂಡಿದವು. ಒಂದು ಕ್ಷಣ ನಾನು ಮತ್ತೆ ಸೇಡಂನಲ್ಲಿ ಅಪ್ಪನ ಮೊಣಕಾಲ ಹತ್ತಿರ ಕೂತಿದ್ದೆ. ಮಾಲೀಕರು ಪಕ್ಕದಲ್ಲಿದ್ದಾರೆಂಬುದನ್ನು ಮರೆತು ಕಣ್ಣೊರೆಸಿಕೊಂಡೆ. ಅವರು ಅದನ್ನು ನೋಡದವರಂತೆ ಬೇರೆ ಕಡೆ ತಿರುಗಿದರು. ಇನ್ನು ಐದು ವರ್ಷದಲ್ಲಿ ಹಳೆಯ ಸಿಡಿ ಯಾರೂ ಮುಟ್ಟುವುದಿಲ್ಲ ಎಂದು ಆಮೇಲೆ ಬಹಳ ನಂಬಿಕೆಯಿಂದ ಹೇಳಿದರು. ಅವರ ಗೋಡೆಯ ಒಂದಿಡೀ ಕಪಾಟು ಆ ತಟ್ಟೆಗಳಿಗೇ ಮೀಸಲಾಗಿತ್ತು.

ಮುಂದಿನ ದಸರಾ ರಜೆಯಲ್ಲಿ ಸೂಪರ್ ಆಡಿಯೊ ಪ್ಲೇಯರು, ಆಂಪ್ಲಿಫೈಯರು, ಒಂದು ಜೊತೆ ಸ್ಪೀಕರು ವಾಡಿಗೆ ಬಂದವು. ಬಂಗಾರದ ಬಳೆ ಮಾಡಿಸಿಕೊಳ್ಳುವ ಬದಲು ಇದೇನು ಎಂದು ಸೇಡಂನ ಚಿಕ್ಕಮ್ಮ ಫೋನಿನಲ್ಲಿ ಕೇಳಿದಳು. ಸ್ಪೀಕರುಗಳನ್ನು ನೆಲದಿಂದ ಬೇರೆ ಮಾಡಲು ಅಂಗಡಿಯಲ್ಲಿ ಕಲ್ಲಿನ ಪೀಠ ಮಾರುತ್ತಿದ್ದರು. ಅದನ್ನು ಮಾತ್ರ ನಾನು ಕೊಳ್ಳಲಿಲ್ಲ. ನಮ್ಮ ಸುತ್ತಲಿನ ಗಣಿಗಳಲ್ಲೇ ಬೇಕಾದಷ್ಟು ಸಿಗುವ, ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಸಿಕಂದರಾಬಾದಿನಿಂದ ವಾಡಿಗೆ ಹೊತ್ತು ತರುವುದುಂಟೇ?

ಆ ಚಳಿಗಾಲದಲ್ಲಿ ನನ್ನ ಬಲದವಡೆಯ ಹಲ್ಲು ಕೆಟ್ಟಿತು. ಶಹಾಬಾದಿನಲ್ಲಿ ಹೊಸದಾಗಿ ಹೆಣ್ಣು ದಂತವೈದ್ಯೆಯೊಬ್ಬರು ಬಂದಿದ್ದಾರೆ, ಕೈ ಹಗುರ ಎಂದು ಕಾಲೇಜಿನಲ್ಲಿ ಯಾರೋ ಹೇಳಿದರು. ಹೋದೆ. ಬಾಯಿ ತೆರೆದು ಮಲಗಿದವಳಿಗೆ ಗೋಡೆಯ ಹಿಂದಿನಿಂದ ಪಿಯಾನೊ ಕೇಳಿಸಿತು. ಅಂಥ ಪಿಯಾನೊ ಶಹಾಬಾದಿನಲ್ಲಿ ಕೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿಯಲ್ಲಿ ಹತ್ತಿ ಇದ್ದದ್ದರಿಂದ ಅದೇನೆಂದು ವಿಚಾರಿಸಲಿಕ್ಕೂ ಆಗಲಿಲ್ಲ. ಹತ್ತಿ ತೆಗೆದ ಕೂಡಲೇ ಹಲ್ಲಿನ ವಿಷಯ ಬಿಟ್ಟು, ಅದು ಯಾವ ಪ್ಲೇಯರು ಎಂದು ಕೇಳಿದೆ. ಆಕೆ ಮಾಸ್ಕು ಕೆಳಗಿಳಿಸಿ ನನ್ನನ್ನೇ ನೋಡಿದಳು.

"ಮೇಡಮ್, ನೀವೂ ಕೇಳ್ತೀರೇನ್ರಿ?"

ಅವಳದು ಡಿವಿಡಿ ಆಡಿಯೊ. ಅದನ್ನೂ ಅದೇ ಸಿಕಂದರಾಬಾದಿನ ಅಂಗಡಿಯಲ್ಲೇ ಕೊಂಡಿದ್ದಳು. ಅದೇ ಮಾಲೀಕರು ಅವಳಿಗೂ ಐದು ವರ್ಷದ ಮಾತನ್ನೇ ಹೇಳಿದ್ದರು, ಆದರೆ ಆ ಇನ್ನೊಂದು ತಟ್ಟೆಯ ಪರವಾಗಿ.

ಅವಳು ಸನ್ನತಿ ಕಡೆಯ ಹಳ್ಳಿಯವಳು. ಭೀಮಾ ನದಿಯ ದಂಡೆಯ ಬೌದ್ಧ ಮನೆತನ. ಮನೆಯವರು ಸ್ವಲ್ಪ ಹೊಲ ಮಾಡಿಕೊಂಡು, ಬೇರೆಯವರ ಹೊಲದಲ್ಲೂ ದುಡಿದು ಮಗಳನ್ನು ಡಾಕ್ಟರ್ ಮಾಡಿದ್ದರು. ಗಂಡ ಲೋಕೋಪಯೋಗಿ ಇಲಾಖೆಯ ಎಂಜಿನಿಯರು, ಕಲಬುರಗಿಗೆ ಗಾಡಿಯಲ್ಲಿ ಓಡಾಡುತ್ತಿದ್ದರು. ಎರಡು ಸಣ್ಣ ಮಕ್ಕಳು. ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು. ಈ ಹುಚ್ಚು ನಿನಗೆ ಹೇಗೆ ಹತ್ತಿತು ಎಂದು ಒಮ್ಮೆ ಕೇಳಿದ್ದಕ್ಕೆ, ದಿನವಿಡೀ ಡ್ರಿಲ್ಲಿನ ಸದ್ದು ಕೇಳಿ ಕೇಳಿ ಕಿವಿಯಲ್ಲಿ ಮಣ್ಣು ತುಂಬಿದ ಹಾಗಾಗುತ್ತದೆ, ಸಂಜೆಗೆ ಅದನ್ನು ತೊಳೆದುಕೊಳ್ಳಬೇಕಾಗುತ್ತದೆ ಎಂದಿದ್ದಳು.

ಹೀಗೆ ಶುರುವಾಯಿತು. ಒಂದು ಭಾನುವಾರ ನಾನು ಶಹಾಬಾದಿಗೆ, ಮುಂದಿನ ಭಾನುವಾರ ಅವಳು ವಾಡಿಗೆ. ಮಧ್ಯೆ ರೈಲಿನ ಸಣ್ಣ ಪ್ರಯಾಣ. ಅವಳ ತಟ್ಟೆ ಕೇಳಬೇಕಾದರೆ ಅವಳ ಮನೆಗೇ ಹೋಗಬೇಕು, ನನ್ನದು ಕೇಳಬೇಕಾದರೆ ನನ್ನ ಮನೆಗೇ ಬರಬೇಕು. ಎರಡನ್ನೂ ನುಡಿಸುವ ಪ್ಲೇಯರು ಆಮೇಲೆ ಮಾರುಕಟ್ಟೆಗೆ ಬಂತು. ಇಬ್ಬರೂ ಕೊಳ್ಳಲಿಲ್ಲ. ಅದರ ಮಾತೂ ಎತ್ತಲಿಲ್ಲ.

ಅವಳು ಮೊದಲ ಸಲ ನನ್ನ ಮನೆಗೆ ಬಂದ ದಿನ ನೆನಪಿದೆ. ಚಹಾ ಕುಡಿದಾದ ಮೇಲೆ ಕಪ್ಪು ಹಿಡಿದು ಅಡುಗೆಮನೆಯ ಹೊಸ್ತಿಲ ಈಚೆಗೇ ನಿಂತಳು. ಗೋಡೆಯ ಮೇಲೆ ಅಪ್ಪನ ಫೋಟೊ ಇತ್ತು, ಗಂಧ, ಅಕ್ಷತೆ, ಮೈಮೇಲೆ ಮುದ್ರೆ. ಎಲ್ಲಿಡಲಿ ಎಂದು ಕೇಳಿದಳು. ಸಿಂಕಿನಾಗ ಇಡು, ನಾಳಿ ಕೆಲಸದಾಕಿ ತೊಳೀತಾಳ, ನನಗ ಬ್ಯಾಸರಾ ಎಂದೆ. ಅವಳು ಒಳಗೆ ಹೋಗಿ ಎರಡೂ ಕಪ್ಪು ತಾನೇ ತೊಳೆದು ಬಂದಳು. ಆವತ್ತಿನಿಂದ ಮೇಡಮ್ ಹೋಗಿ ಅಕ್ಕಾ ಆಯಿತು. ಆ ವಿಷಯ ನಾವು ಎಂದೂ ಮಾತಾಡಲಿಲ್ಲ.

ನನ್ನ ಸ್ಪೀಕರುಗಳ ಕೆಳಗೆ ಹಾಕಲು ಶಹಾಬಾದಿನಿಂದ ಫರಸಿ ಕಲ್ಲಿನ ಎರಡು ತುಂಡು ಆಟೋದಲ್ಲಿ ಹಾಕಿಸಿಕೊಂಡು ಬಂದವಳೂ ಅವಳೇ. ಅವಳ ಮನೆಯ ತೊಂದರೆಯೂ ಅದೇ ಕಲ್ಲು. ನೆಲವೂ ಫರಸಿ, ಗೋಡೆಯೂ ಫರಸಿ, ಪಿಯಾನೊದ ಒಂದು ಪೆಟ್ಟು ಬಿದ್ದರೆ ನಾಲ್ಕೂ ಕಡೆಯಿಂದ ತಿರುಗಿ ಬರುತ್ತಿತ್ತು. ಪ್ರತಿಧ್ವನಿ ತಡೆಯಲು ಮೆತ್ತನೆಯದು ಏನಾದರೂ ಗೋಡೆಗೆ ಬೇಕು ಎಂದು ನಾನು ಹೇಳಿದೆ. ಮುಂದಿನ ಸಲ ಹೋದಾಗ ಮೂರು ಗೋಡೆಗೂ ಅವಳ ತಾಯಿ ಹೊಲಿದ ಕೌದಿಗಳು ತೂಗುತ್ತಿದ್ದವು. ಹಳೆಯ ಸೀರೆ, ಧೋತ್ರ, ಅವಳ ಶಾಲೆಯ ನೀಲಿ ಲಂಗ, ಎಲ್ಲ ತುಂಡು ತುಂಡಾಗಿ ಅದರಲ್ಲಿದ್ದವು. ಗಂಡ ಬಾಗಿಲಲ್ಲಿ ನಿಂತು, ಇದೇನು ಮನೆಯೋ ಜಾತ್ರೆಯ ಡೇರೆಯೋ ಎಂದು ನಕ್ಕರು. ನಮ್ಮ ತಟ್ಟೆಗಳಿಗೆ ಅವರು ಗಂಗಾಳ, ಅಂದರೆ ಊಟದ ತಟ್ಟೆ, ಎನ್ನುತ್ತಿದ್ದರು. "ಗಂಗಾಳ ಹಚ್ಚಿ ಕುಂತಾರ" ಎಂದು ಮಕ್ಕಳನ್ನು ಹೊರಗೆ ಆಡಲಿಕ್ಕೆ ಕರೆದೊಯ್ಯುತ್ತಿದ್ದರು.

ಏನು ಕೇಳುತ್ತಿದ್ದೆವು ಎಂದರೆ ನಗು ಬರುತ್ತದೆ. ಆ ತಟ್ಟೆಗಳಲ್ಲಿ ನಮ್ಮ ಸಂಗೀತ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು. ಬಂದದ್ದೆಲ್ಲ ಪರದೇಶದ್ದು. ಅದರ ಕಟ್ಟು ತಿಳಿಯದು, ಹಾಡಿದರೆ ಭಾಷೆ ತಿಳಿಯದು. ಆದರೂ ಕೇಳಿದೆವು. ಚೆಲ್ಲೊ ಎಂಬ ವಾದ್ಯ ನಮ್ಮ ಸಾರಂಗಿಯ ದೊಡ್ಡಪ್ಪನಿದ್ದಂತೆ ಎಂದು ಅವಳು ನಿರ್ಧರಿಸಿದಳು. ಒಂದು ಚೆಲ್ಲೊ ತಟ್ಟೆಯನ್ನು ಎಷ್ಟು ಕೇಳಿದೆವೆಂದರೆ, ನುಡಿಸುವಾತ ಮೂಗಿನಲ್ಲಿ ಉಸಿರೆಳೆದುಕೊಳ್ಳುವ ಜಾಗಗಳೆಲ್ಲ ನಮಗೆ ಬಾಯಿಪಾಠವಾಗಿದ್ದವು. ಅಂಥ ಜಾಗ ಬಂದಾಗ ಅವಳು ನನ್ನ ಕಡೆ ತಿರುಗುತ್ತಿದ್ದಳು. ಮಾತಿಲ್ಲ, ಹುಬ್ಬು ಮಾತ್ರ ಸ್ವಲ್ಪ ಮೇಲೆ. ನಾನು ತಲೆ ಆಡಿಸುತ್ತಿದ್ದೆ. ನಮ್ಮ ಸ್ನೇಹದ ಬಹುಪಾಲು ಇಷ್ಟೇ.

ಯಾವುದು ಮೇಲು ಎಂಬ ಜಗಳವೂ ಇತ್ತು. ಅವಳು ತನ್ನ ಡಿವಿಡಿಯೇ ಹೆಚ್ಚು ನಿಚ್ಚಳ ಎನ್ನುವಳು, ನಾನು ನನ್ನದರಲ್ಲಿ ಹೆಚ್ಚು ಮಾರ್ದವ ಇದೆ ಎನ್ನುವೆ. ಒಂದು ದಿನ ಅವಳಿಗೆ ನನ್ನನ್ನು ಪರೀಕ್ಷಿಸುವ ಮನಸ್ಸಾಯಿತು. ನನ್ನ ಸಾರಂಗಿಯ ತಟ್ಟೆಯಲ್ಲಿ ಎರಡು ಪದರ ಇದ್ದವು, ಒಂದು ಹೊಸ ಬಗೆಯದು, ಇನ್ನೊಂದು ಸಾಮಾನ್ಯ ಸಿಡಿಯದು. ಗುಂಡಿ ಒತ್ತಿದರೆ ಯಾವುದು ಬೇಕೋ ಅದು. "ಅಕ್ಕಾ, ಕಣ್ಣು ಮುಚ್ರಿ. ಯಾವುದು ಅಂತ ಹೇಳ್ರಿ" ಎಂದಳು. ನಾನು ಬಹಳ ಧೈರ್ಯದಿಂದ ಕಣ್ಣು ಮುಚ್ಚಿದೆ. ಕೆಲವು ಸಲ ಸರಿ ಹೇಳಿದೆ, ಕೆಲವು ಸಲ ತಪ್ಪಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿ ಬರುತ್ತಿತ್ತು. ನಂತರ ಅವಳನ್ನು ಕೂರಿಸಿ ನಾನು ಗುಂಡಿ ಒತ್ತಿದೆ. ಅವಳದೂ ಅದೇ ಗತಿ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅವಳು ನಕ್ಕ ನಗು! ಭೌತಶಾಸ್ತ್ರ ಕಲಿಸುವವಳಾಗಿ ನನಗೆ ಅದರ ಬಗ್ಗೆ ಮೊದಲೇ ಸಂಶಯವಿತ್ತು. ಆ ತಟ್ಟೆಗಳು ಚೆನ್ನಾಗಿ ಕೇಳಿಸುತ್ತಿದ್ದದ್ದು ಅಳತೆ ಒತ್ತಾಗಿದ್ದಕ್ಕಿಂತ, ಅವನ್ನು ಮಾಡಿದವರು ಮೈಕು ಇಡುವುದರಿಂದ ಹಿಡಿದು ಎಲ್ಲದರಲ್ಲೂ ಜೀವ ಇಟ್ಟು ಕೆಲಸ ಮಾಡಿದ್ದಕ್ಕೆ ಇರಬಹುದು. ಸಿಕಂದರಾಬಾದಿನ ಮಾಲೀಕರಿಗೆ ಇದನ್ನು ಹೇಳಬಾರದು ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು. ಆದರೂ ಮುಂದಿನ ಭಾನುವಾರದ ಹೊತ್ತಿಗೆ ಹೊಸ ತಟ್ಟೆ ತರಿಸಿದ್ದೆವು.

ಮಾಲೀಕರು ಹೇಳಿದ ಐದು ವರ್ಷ ಮುಗಿಯುವ ಮೊದಲೇ ಅವರ ಕಪಾಟು ಅರ್ಧಕ್ಕೆ ಇಳಿಯಿತು. ನಾವು ಹೋದಾಗಲೆಲ್ಲ ಆ ಜಾಗದಲ್ಲಿ ಬೇರೇನೋ ಇರುತ್ತಿತ್ತು, ಮೊದಲು ಸಿನಿಮಾ ಡಿವಿಡಿ, ಆಮೇಲೆ ಮೆಮೊರಿ ಕಾರ್ಡು, ಆಮೇಲೆ ಇಯರ್‌ಫೋನು. ಎರಡು ಕಂಪನಿ ಗುಂಪುಗಳು ಹಟ ಹಿಡಿದು ಎರಡು ತಟ್ಟೆ ಮಾಡಿದ್ದರಿಂದ ಕೊಳ್ಳುವವರು, ಯಾವುದು ಗೆಲ್ಲುತ್ತದೋ ನೋಡೋಣ ಎಂದು ಕಾದರು. ಕಾಯುತ್ತ ಕಾಯುತ್ತ ಮರೆತರು. ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆಗದಂತೆ ಬೀಗ ಹಾಕಿದ್ದರು, ಅದು ಇನ್ನೊಂದು ಕಾರಣ. ಆದರೆ ಮುಖ್ಯ ಮಾತು ಬೇರೆ. ಜನಕ್ಕೆ ಹಾಡು ಜೇಬಿನಲ್ಲಿ ಬೇಕಾಗಿತ್ತು. ನಮ್ಮ ತಟ್ಟೆ ಒಂದು ಕುರ್ಚಿ ಕೇಳುತ್ತಿತ್ತು, ಒಂದು ತೆರಪಾದ ಮಧ್ಯಾಹ್ನ ಕೇಳುತ್ತಿತ್ತು. ಕೊನೆಯ ಸಲ ಹೋದಾಗ ಉಳಿದ ತಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದರು. ಮಾಲೀಕರು ಇರಲಿಲ್ಲ. ಅವರ ಮಗ ಫೋನಿನ ಕವರು ಮಾರುತ್ತಿದ್ದ. ಅಬ್ಬಾಜಾನ್ ಮನೆಯಲ್ಲೇ ಇರುತ್ತಾರೆ, ನೆನಪು ಕಡಿಮೆಯಾಗಿದೆ ಎಂದ. ನಾವು ಬುಟ್ಟಿಯಲ್ಲಿದ್ದುದನ್ನು ಪಾಲು ಮಾಡಿಕೊಂಡು ತಂದೆವು.

ತಟ್ಟೆ ಬರುವುದು ನಿಂತರೂ ಭಾನುವಾರ ನಿಲ್ಲಲಿಲ್ಲ. ಇದ್ದದ್ದನ್ನೇ ಕೇಳುತ್ತಿದ್ದೆವು. ಹಾಗೆ ಹಲವು ವರ್ಷ ನಡೆಯಿತು. ಅವಳ ಮಕ್ಕಳು ಹೈಸ್ಕೂಲಿಗೆ ಬಂದರು.

ಯಾವಾಗ ಬದಲಾಯಿತು ಎಂದು ಸರಿಯಾಗಿ ಹೇಳಲಾರೆ. ದನಿ ಸ್ವಲ್ಪ ಹೆಚ್ಚು ಮಾಡಿ ಎಂದು ಕೇಳತೊಡಗಿದಳು. ಮಾಡಿದೆ. ಚೆಲ್ಲೊದವನು ಉಸಿರೆಳೆಯುವ ಜಾಗ ಬಂತು, ಅವಳು ತಿರುಗಲಿಲ್ಲ, ಕಿಟಕಿ ನೋಡುತ್ತಿದ್ದಳು. ಮಕ್ಕಳ ಪರೀಕ್ಷೆ ಎಂದು ಒಂದು ವಾರ ತಪ್ಪಿಸಿದಳು. ಗಂಡನ ಕಡೆಯವರ ಮದುವೆ ಎಂದು ಇನ್ನೊಂದು ವಾರ. ನಾನು ಹೋದರೆ, ತಲೆನೋವು, ಇವತ್ತು ಹಚ್ಚುವುದು ಬೇಡ ಎಂದು ಊಟ ಹಾಕಿ ಕಳಿಸಿದಳು. ಫೋನು ಮಾಡಿದರೆ ಗಂಡ ಎತ್ತುತ್ತಿದ್ದರು. ಎಲ್ಲರಂತೆ ಅವಳಿಗೂ ಫೋನಿನ ಹಾಡೇ ಸಾಕಾಗಿರಬೇಕು ಎಂದುಕೊಂಡೆ. ಅಥವಾ ನಾನು ಸಾಕಾಗಿರಬೇಕು. ಮನೆ, ಮಕ್ಕಳು, ದವಾಖಾನೆ ಇರುವವಳು ಒಂಟಿ ಹೆಂಗಸಿನ ಜೊತೆ ಎಷ್ಟು ಭಾನುವಾರ ಕಳೆದಾಳು?

ಒಂದು ದಿನ ಗಂಡನೇ ಜೀಪಿನಲ್ಲಿ ವಾಡಿಗೆ ಬಂದರು. ಹಿಂದಿನ ಸೀಟಿನಲ್ಲಿ ಅವಳ ಪ್ಲೇಯರು, ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಅಷ್ಟೂ ತಟ್ಟೆಗಳು. ಅಕ್ಕನ ಹತ್ತಿರವೇ ಇರಲಿ ಎಂದು ಹೇಳಿದ್ದಾಳೆ ಎಂದರು. ಯಾಕೆ ಎಂದು ಕೇಳಿದೆ. ಅವರು ನೆಲ ನೋಡಿ, ಮನೆಯಲ್ಲಿ ಜಾಗ ಇಲ್ಲ ಎಂದರು. ಆ ಸಲ ಅವರು ಗಂಗಾಳ ಎನ್ನಲಿಲ್ಲ. ಚಹಾಕ್ಕೂ ಕೂರಲಿಲ್ಲ. ಆ ಪೆಟ್ಟಿಗೆಯನ್ನು ನಾನು ಬಹಳ ದಿನ ಬಿಚ್ಚಲಿಲ್ಲ. ನೆಲ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದೆ.

ಆಮೇಲೆ ಕೊರೊನಾ ಬಂತು. ಸಿಮೆಂಟಿನ ಕಾರ್ಖಾನೆ ಮುಚ್ಚಿತು, ಗಾಡಿಗಳು ನಿಂತವು. ವಾಡಿಯಲ್ಲಿ ಅಂಥ ಮೌನ ನಾನು ಕೇಳಿದ್ದು ಅದೇ ಮೊದಲು. ಡಬ್ಬಿಗಳು ಅಲುಗಲಿಲ್ಲ. ಕೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಬರಲಿಕ್ಕಿಲ್ಲ ಎಂದು ಸಾರಂಗಿ ಹಚ್ಚಿದೆ. ತರಬಿನ ತಂತಿಗಳು ನಡುಗುವಾಗ ಅಭ್ಯಾಸದಿಂದ ಎಡಕ್ಕೆ ತಿರುಗಿದೆ. ಅಲ್ಲಿ ಖಾಲಿ ಕುರ್ಚಿ. ಅರ್ಧಕ್ಕೇ ನಿಲ್ಲಿಸಿದೆ.

ಗಾಡಿ ಮತ್ತೆ ಶುರುವಾದ ಮೇಲೆ, ಹಿಂದೆ ಅವಳೇ ತುಂಬಿದ್ದ ಹಲ್ಲು ಒಡೆಯಿತು. ಬೇರೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಶಹಾಬಾದಿಗೇ ಹೋದೆ. ಕ್ಲಿನಿಕ್ಕಿನಲ್ಲಿ ಪಿಯಾನೊ ಇರಲಿಲ್ಲ. ಅವಳು ಎರಡು ಮಾಸ್ಕು, ಮೇಲೊಂದು ಪ್ಲಾಸ್ಟಿಕ್ ಪರದೆ ಹಾಕಿಕೊಂಡು ನಿಂತಿದ್ದಳು. ನನ್ನ ಕಣ್ಣು ನೋಡಿಯೇ ಗುರುತು ಹಿಡಿದಳು. ಹೇಗಿದ್ದೀ ಎಂದು ಕೇಳಿದೆ. ಯಾವ ಹಲ್ಲು ಎಂದಳು. ಇನ್ನೊಮ್ಮೆ, ಆರಾಮ ಇದ್ದೀಯೇನು ಎಂದೆ. ಕೆಳಗಿನದೋ ಮೇಲಿನದೋ ಎಂದಳು. ಅವಳ ಸಹಾಯಕಿ ಹಿಂದಿನಿಂದ ಎರಡು ಸಲ ಕೂಗಿ, ಕೊನೆಗೆ ಬಂದು ಭುಜ ಮುಟ್ಟಿದಳು. ಆಗಲೇ ಅವಳು ತಿರುಗಿದ್ದು.

ಅವಳು ಸಹಾಯಕಿಯನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ದೂರ ನಿಂತು, ನನ್ನ ಮಾಸ್ಕು ತೆಗೆಯಲು ಸನ್ನೆ ಮಾಡಿದಳು.

"ತುಟಿ ಕಾಣಲಿಲ್ಲಂದ್ರ ನನಗ ಕೇಳಂಗಿಲ್ರಿ ಅಕ್ಕಾ" ಎಂದಳು.

ಎಷ್ಟು ದಿನದಿಂದ ಎಂದು ಕೇಳಿದೆ. ಬಹಳ ದಿನದಿಂದ. ಮೊದಲು ಹೋದದ್ದು ಮೇಲಿನ ಸ್ವರಗಳು. ಪಿಯಾನೊದ ಸಣ್ಣ ದನಿಗಳು ಒಂದೊಂದಾಗಿ ಇಲ್ಲವಾದವು. ಪ್ಲೇಯರು ಕೆಟ್ಟಿದೆ ಎಂದುಕೊಂಡು ಲೆನ್ಸು ಒರೆಸಿದ್ದಳಂತೆ, ವೈರು ಬದಲಿಸಿದ್ದಳಂತೆ. ನಂತರ ನನ್ನ ಮನೆಯಲ್ಲಿ ಸಾರಂಗಿಯ ತರಬಿನ ತಂತಿಗಳೂ ಕೇಳಿಸದಾದಾಗ, ಕೆಟ್ಟದ್ದು ತನ್ನ ಕಿವಿ ಎಂದು ತಿಳಿಯಿತು. ಕಲಬುರಗಿಯಲ್ಲಿ ತೋರಿಸಿದಳು. ವರ್ಷಗಟ್ಟಲೆ ಡ್ರಿಲ್ಲಿನ ಸದ್ದು ಸ್ವಲ್ಪ ಕಾರಣವಿರಬಹುದು, ಮನೆತನದ್ದೂ ಇರಬಹುದು, ತಾಯಿಗೂ ಹಾಗೇ ಇತ್ತು ಎಂದರಂತೆ. ಕಿವಿಗೆ ಯಂತ್ರ ಕೊಟ್ಟಿದ್ದಾರೆ, ಮಾತು ಅಷ್ಟಿಷ್ಟು ತಿಳಿಯುತ್ತದೆ. ಆದರೆ ಸಂಗೀತ?

"ಸಾರಂಗಿ ತಗಡು ಉಜ್ಜಿದಂಗ ಕೇಳ್ತದ. ಅದಕ್ಕ ಹಚ್ಚೋದೇ ಬಿಟ್ಟೀನಿ."

"ನನಗ ಯಾಕ ಹೇಳಲಿಲ್ಲ?"

ಅವಳು ಕೈಗವಸು ಬಿಚ್ಚಿದಳು. "ಹೇಳಿದ್ರ ನೀವೂ ಕೇಳೋದು ಬಿಡ್ತಿದ್ರಿ. ನಿಮಗ ಇರೋದು ಅದೊಂದೇ. ನನಗ ಮನಿ ಅದ, ಮಕ್ಕಳ ಅವ."

ಇಷ್ಟು ದಿನ ನನಗೆ ಸಿಟ್ಟಿತ್ತು. ಅದು ಒಮ್ಮೆಲೇ ಎಲ್ಲಿ ಹೋಯಿತೋ. ಆದರೆ ಅವಳ ಮಾತು ಒಳಗೆ ಬೇರೆ ಕಡೆ ನಾಟಿತು. ನನಗೆ ಇರುವುದು ಅದೊಂದೇ ಎಂದು ಅವಳು ನೋಡಿದ್ದಳು, ಕರುಣೆಪಟ್ಟಿದ್ದಳು. ನಾನು ಅಷ್ಟು ವರ್ಷ ನಾವಿಬ್ಬರೂ ಸಮ ಎಂದುಕೊಂಡಿದ್ದೆ. ಬಾಯಿ ತೆರೆದು ಮಲಗಿದೆ. ಅವಳು ಹಲ್ಲು ತುಂಬಿದಳು. ಕೈ ಮೊದಲಿನಷ್ಟೇ ಹಗುರವಾಗಿತ್ತು.

ಅದರ ಮರುವರ್ಷ ನನಗೆ ಚಿಂಚೋಳಿಗೆ ವರ್ಗವಾಯಿತು. ಎರಡು ಪ್ಲೇಯರು, ಸ್ಪೀಕರು, ಕಲ್ಲು, ತಟ್ಟೆಗಳ ಪೆಟ್ಟಿಗೆ, ಎಲ್ಲ ಟೆಂಪೋದಲ್ಲಿ ಹೋದವು. ಸುಲೇಪೇಟ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಒಂದೊಂದು ತಗ್ಗಿಗೂ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಊರಾಚೆ ಮನೆ ಸಿಕ್ಕಿತು. ರೈಲಿಲ್ಲ, ಮನೆಯ ಹತ್ತಿರ ಗಣಿಯಿಲ್ಲ. ತೊಗರಿ ಹೊಲ, ಆಚೆ ಗುಡ್ಡದ ಕಾಡು. ವಾಡಿಯಲ್ಲಿದ್ದಾಗ ಇಂಥ ಒಂದು ಕೋಣೆ ಸಿಕ್ಕರೆ ಎಂದು ನಾವಿಬ್ಬರೂ ಎಷ್ಟು ಸಲ ಆಡಿಕೊಂಡಿದ್ದೆವೋ. ಗೂಡ್ಸು ಗಾಡಿ ಬಂದರೆ ನಿಲ್ಲಿಸಿ, ಹೋದ ಮೇಲೆ ಮತ್ತೆ ಹಚ್ಚಿ, ಬ್ಲಾಸ್ಟಿಂಗ್ ಹೊತ್ತಿಗೆ ಚಹಾ ಮಾಡಿಕೊಂಡು ಕೇಳಿದವರು ನಾವು. ಚಿಂಚೋಳಿಯಲ್ಲಿ ನಿಲ್ಲಿಸುವ ಕಾರಣವೇ ಇರಲಿಲ್ಲ. ತಟ್ಟೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನುಡಿದು ತಾನೇ ನಿಲ್ಲುತ್ತಿತ್ತು.

ಇಲ್ಲಿಯ ಕಾಲೇಜಿನ ಸಹೋದ್ಯೋಗಿಯೊಬ್ಬರು ಒಮ್ಮೆ ಕುತೂಹಲದಿಂದ ಬಂದು ಕೂತರು. ಒಳ್ಳೆಯವರು. ಸ್ವಲ್ಪ ಹೊತ್ತಿಗೆ, ಇದೇ ಹಾಡು ಫೋನಿನಲ್ಲೂ ಸಿಗುತ್ತದಲ್ಲ ಮೇಡಮ್ ಎಂದು ಹುಡುಕಿ ತೋರಿಸಿದರು. ಸಿಕ್ಕಿತು ಕೂಡ. ಕೇಳಲಿಕ್ಕೆ ಕೆಟ್ಟದ್ದೇನೂ ಇರಲಿಲ್ಲ. ನಾನು ಹೌದು ಎಂದೆ. ಇಂಟರ್ನೆಟ್ಟಿನಲ್ಲಿ ಈ ತಟ್ಟೆಗಳನ್ನು ಇನ್ನೂ ಕೂಡಿಡುವವರ ಗುಂಪುಗಳಿವೆ. ಕೆಲವು ದಿನ ಅಲ್ಲಿದ್ದೆ. ಇಪ್ಪತ್ತು ವರ್ಷದ ಹಿಂದಿನ ಜಗಳವನ್ನೇ ಇನ್ನೂ ಆಡುತ್ತಿದ್ದಾರೆ, ಯಾವುದು ಮೇಲು ಎಂದು. ನಾನು ಓದಿ ಮುಚ್ಚಿದೆ. ಜಗಳ ಆಡಬೇಕೆನಿಸಿದ್ದು ಒಬ್ಬಳ ಜೊತೆ ಮಾತ್ರ.

ಅವಳು ಒಂದೇ ಸಲ ಚಿಂಚೋಳಿಗೆ ಬಂದಳು, ಗಂಡನ ಜೊತೆ, ಮಳೆ ನಿಂತ ತಿಂಗಳಲ್ಲಿ. ಕಾಡು ನೋಡುವ ನೆಪ. ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿದ್ದೆ. ಕಿವಿಯ ಹಿಂದೆ ಸಣ್ಣ ಯಂತ್ರ, ಅದು ಕಾಣದಂತೆ ಕೂದಲು ಇಳಿಬಿಟ್ಟಿದ್ದಳು. ನಾನು ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನ ಮಾತಾಡಿದೆ. ಮಗಳು ಬೀದರಿನಲ್ಲಿ ಓದುತ್ತಿದ್ದಾಳೆ, ತಾಯಿ ಹೋದ ವರ್ಷ ತೀರಿಕೊಂಡಳು, ಗೋಡೆಯ ಕೌದಿಗಳನ್ನು ಈಗ ಹೊದ್ದುಕೊಳ್ಳುತ್ತಾರೆ. ಊಟವಾದ ಮೇಲೆ ಅವಳು ಎದ್ದು ಹೋಗಿ ತನ್ನ ಪ್ಲೇಯರಿನ ಮೇಲೆ ಬೆರಳಾಡಿಸಿ ಧೂಳು ನೋಡಿದಳು. ಇರಲಿಲ್ಲ.

"ಹಚ್ಚಲೇನು?" ಎಂದು ಕೇಳಿದೆ.

"ಬ್ಯಾಡ್ರಿ. ನನಗ ನೆನಪದ, ಅಷ್ಟ ಸಾಕು."

ಆಮೇಲೆ ಕುರ್ಚಿಯಲ್ಲೇ ನಿದ್ದೆ ಹೋದಳು. ನಾನು, ಅವಳ ಗಂಡ ಅಂಗಳದಲ್ಲಿ ಕೂತೆವು. ಅವರು, ಆ ಪೆಟ್ಟಿಗೆ ತಂದ ದಿನ ನಿಜ ಹೇಳದಂತೆ ಆಣೆ ಹಾಕಿಸಿಕೊಂಡಿದ್ದಳು ಎಂದರು. ನನಗೆ ಗೊತ್ತು ಎಂದೆ.

ಹೋದ ಮೇಲೆ ಕೆಲವು ತಿಂಗಳು, ಭಾನುವಾರ ಸಂಜೆ ಅವಳಿಂದ ಮೆಸೇಜು ಬರುತ್ತಿತ್ತು. ಇವತ್ತು ಯಾವುದು ಕೇಳಿದಿರಿ? ನಾನು ಬರೆಯುತ್ತಿದ್ದೆ. ಕೊನೆಕೊನೆಗೆ ಉದ್ದುದ್ದ ಬರೆದೆ, ಎಲ್ಲಿ ನಿಧಾನವಾಯಿತು, ಎಲ್ಲಿ ಚೆಲ್ಲೊ ಒಂಟಿಯಾಯಿತು ಎಂದು. ಅವಳು ಕೈಮುಗಿದ ಚಿತ್ರ ಕಳಿಸುತ್ತಿದ್ದಳು. ಒಂದು ಭಾನುವಾರ ಅವಳ ಮೆಸೇಜು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಅವಳು ಕೇಳದೆ ಬರೆಯಲು ನನಗೆ ಸಂಕೋಚವಾಯಿತು. ಹಬ್ಬಕ್ಕೆ ಈಗಲೂ ಶುಭಾಶಯ ಬರುತ್ತದೆ.

ನನ್ನ ಸೂಪರ್ ಆಡಿಯೊ ಪ್ಲೇಯರು ಹೋದ ಬೇಸಿಗೆಯಲ್ಲಿ ಪೂರಾ ನಿಂತಿತು. ಹೈದರಾಬಾದಿನಲ್ಲಿ ವಿಚಾರಿಸಿದೆ, ಅದರ ಲೇಸರು ಈಗ ಯಾರೂ ಮಾಡುವುದಿಲ್ಲವಂತೆ. ನನ್ನ ತಟ್ಟೆಗಳನ್ನು ಅವಳ ಯಂತ್ರ ಸಾಮಾನ್ಯ ಸಿಡಿಯಂತೆ ನುಡಿಸುತ್ತದೆ, ಎರಡು ಪದರ ಇದ್ದವನ್ನು ಮಾತ್ರ. ಉಳಿದವು ಕಪಾಟಿನಲ್ಲಿವೆ. ಅವಳದಕ್ಕೂ ವಯಸ್ಸಾಯಿತು. ತಟ್ಟೆ ಹಾಕಿದರೆ ಒಳಗೆ ಬಹಳ ಹೊತ್ತು ತಿರುಗುತ್ತದೆ, ಹುಡುಕುತ್ತದೆ. ಹಸಿರು ಅಕ್ಷರದಲ್ಲಿ, ತಟ್ಟೆಯೇ ಇಲ್ಲ ಎಂದು ತೋರಿಸುತ್ತದೆ. ಹೊರಗೆ ತೆಗೆದು, ಹಳೆಯ ವಾಯಲ್ ಸೀರೆಯ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕುತ್ತೇನೆ. ಹೊರಗೆ ತೊಗರಿ ಗಿಡಗಳ ಮೇಲೆ ಬಿಸಿಲು ಇರುತ್ತದೆ. ಯಾರೂ ಬರುವವರಿಲ್ಲ, ಅವಸರವೂ ಇಲ್ಲ. ಕೆಲವು ಸಲ ಮೂರನೆಯ ಸಲಕ್ಕೆ ಅವಳ ಯಂತ್ರ ಅದನ್ನು ಓದಿ ನುಡಿಸುತ್ತದೆ.